ಯಾರೂ ಎತ್ತದ ಸೇತುವೆ

ಸೆಪ್ಟೆಂಬರ್ 23, ಸೋಮವಾರ

ಮೋಟೆಲ್‌ನವಳು ಕೋಣೆಯ ಬೀಗದ ಕೈ ಕೊಡುವ ಮೊದಲೇ ಕೇಳಿದಳು, "ಸೇತುವೆಗೆ ಬಂದೋರಾ?" ಹೌದೆಂದೆ. "ಪಾಪ," ಎಂದಳು. ಪಾಪ ಎಂದದ್ದು ನನಗೋ ಸೇತುವೆಗೋ ತಿಳಿಯಲಿಲ್ಲ.

ಮಿಲ್ವಾಕಿಯಿಂದ ಹೊರಡುವಾಗ ಪ್ರೆಸ್ಟನ್ ಮೂರು ದಿನದ ಕೆಲಸ ಎಂದಿದ್ದ. ಅವನು ನನ್ನ ಮೇಲಧಿಕಾರಿ. ಅವನ ಲೆಕ್ಕದಲ್ಲಿ ಎಲ್ಲವೂ ಮೂರು ದಿನದ ಕೆಲಸ. ಸ್ಟರ್ಜನ್ ನೆಕ್ ಎಂಬ ಈ ಊರಿನ ಕಾಲುವೆಯ ಮೇಲೆ ಒಂದು ಎತ್ತುವ ಸೇತುವೆ ಇದೆ. ಅದಕ್ಕೆ ಕಂಪ್ಯೂಟರ್ ಕೂರಿಸಿದವರು ನಾವು. ಹಡಗು ಬಂದರೆ ನಡುಭಾಗ ಮೇಲೇಳಬೇಕು, ಹೋದ ಮೇಲೆ ಇಳಿಯಬೇಕು, ಅಷ್ಟೇ. ಈ ಬೇಸಿಗೆಯಿಂದ ಹಡಗಿಲ್ಲದೆಯೂ ಏಳತೊಡಗಿದೆ. ಗಂಟೆ ಬಾರಿಸುತ್ತದೆ, ಜನರನ್ನು ಇಳಿಸುತ್ತದೆ, ಗೇಟು ಹಾಕಿಕೊಳ್ಳುತ್ತದೆ, ಗಾಂಭೀರ್ಯದಿಂದ ಎದ್ದು ಅರ್ಧ ಗಂಟೆ ಮೇಲೇ ನಿಂತುಬಿಡುತ್ತದೆ. ಆಚೆ ದಡದ ಮನೆಗಳಿಗೆ ಬೇರೆ ದಾರಿ ಇಲ್ಲ. ಆಗಸ್ಟ್‌ನಲ್ಲಿ ಆಚೆ ದಡದ ಮುದುಕನೊಬ್ಬನಿಗೆ ಎದೆನೋವು ಬಂದಾಗ ಆಂಬ್ಯುಲೆನ್ಸ್ ಈಚೆಯೇ ಸಿಕ್ಕಿಹಾಕಿಕೊಂಡಿತು. ಮೀನಿನ ದೋಣಿಯಲ್ಲಿ ಮಲಗಿಸಿ ದಾಟಿಸಿದರಂತೆ. ಬದುಕಿಕೊಂಡ. ಈಗ ಮೀನಿನ ವಾಸನೆ ಬಂದರೆ ಎದೆ ಹಿಡಿದುಕೊಳ್ಳುತ್ತಾನಂತೆ.

ಸಂಜೆ ಮೇಯರ್ ಟ್ರೆಂಬಾತ್ ಬಂದರು. ದೊಡ್ಡ ಹೊಟ್ಟೆ, ಸಣ್ಣ ದನಿ.

"ಸಾರ್, ನಮ್ಮ ಸೇತುವೆಗೆ ಸಂತೋಷ ಕಂಡ್ರೆ ಆಗಲ್ಲ. ಸ್ವಾತಂತ್ರ್ಯ ದಿನದ ಮೆರವಣಿಗೆ ಹೊರಡ್ತು, ಎದ್ತು. ಹ್ಯಾಲ್ವರ್ಸನ್ ಮಗಳ ಮದ್ವೆ ದಿಬ್ಬಣ ಬಂತು, ಎದ್ತು. ಮಕ್ಕಳ ಬಲೂನ್ ಹಬ್ಬ ಮಾಡಿದ್ವಿ, ಅದಕ್ಕೂ ಎದ್ತು. ಹೆಣ ಹೋಗುವಾಗ ಮಾತ್ರ ಒಂದ್ಸಲಾನೂ ಎದ್ದಿಲ್ಲ. ಹಸು ಮಲಗಿದ ಹಾಗೆ ಮಲಗಿರುತ್ತೆ."

ಯಂತ್ರಕ್ಕೆ ಸಂತೋಷವೆಂದರೇನೆಂದು ಗೊತ್ತಿಲ್ಲ ಎಂದೆ.

"ನಮ್ಮ ಪಾದ್ರಿಗೂ ಗೊತ್ತಿಲ್ಲ. ಆದ್ರೂ ಕುಣಿತ ಶುರುವಾದ್ರೆ ಎದ್ದು ಹೋಗ್ತಾರಲ್ಲ?" ಎಂದರು.

ಇಂಥವರ ನಡುವೆ ಮೂರು ದಿನ. ಜನರಿಲ್ಲದಿದ್ದರೆ ಯಂತ್ರಗಳು ಎಷ್ಟೋ ನೆಮ್ಮದಿಯಾಗಿರುತ್ತವೆ.

ಸೆಪ್ಟೆಂಬರ್ 24

ಸೇತುವೆಯ ಗೋಪುರದ ಮೇಲೊಂದು ಗಾಜಿನ ಕ್ಯಾಬಿನ್. ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಒಳಗೆ ನಮ್ಮ ಕಂಪ್ಯೂಟರ್ ಪೆಟ್ಟಿಗೆ, ಏರಿಸುವ-ಇಳಿಸುವ ಎರಡು ಗುಂಡಿ, ಕಾಫಿ ಕೆಟಲ್, ಮತ್ತು ಸೇತುವೆ ಕಾಯುವ ಒಬ್ಬ ಹೆಂಗಸು. ಹೆಸರು ಐಲಿ ಮ್ಯಾಕೆಲಾ, ಅರವತ್ತರ ಆಸುಪಾಸು. ಇಡೀ ದಿನ ಬಟ್ಟೆ ಹಿಡಿದು ಗಾಜು ಒರೆಸುತ್ತಿರುತ್ತಾಳೆ. ಗೋಡೆಯಲ್ಲಿ ಗಾಜಿನ ಮುಚ್ಚಳದೊಳಗೆ ಹಿತ್ತಾಳೆಯ ಹಿಡಿಕೆಯೊಂದಿದೆ. ಕರೆಂಟಿನ ತೊಂದರೆಯಾದರೆ, ಕಂಪ್ಯೂಟರಿಗೆ ತಿಳಿಸದೆ ಕೈಯಿಂದಲೇ ಸೇತುವೆ ಎತ್ತಲು.

ನನ್ನ ಕೆಲಸ ಸರಳ. ಕಂಪ್ಯೂಟರಿನ ಮೆಮೊರಿಯಲ್ಲಿ ಒಂದು ಪುಟ್ಟ ಜಾಗವಿದೆ. ಅಲ್ಲಿ ಸೊನ್ನೆ ಇದ್ದರೆ ಸೇತುವೆ ಮಲಗಿರುತ್ತದೆ, ಬೇರೆ ಏನು ಬಿದ್ದರೂ ಏಳುತ್ತದೆ. ಎದ್ದ ಮೇಲೆ ಸೇತುವೆಯ ಪ್ರೋಗ್ರಾಮೇ ಅದನ್ನು ಅಳಿಸಿ ಮತ್ತೆ ಸೊನ್ನೆ ಮಾಡುತ್ತದೆ. ದಾರಿ ತಪ್ಪಿದ ಯಾವುದೋ ಪ್ರೋಗ್ರಾಂ ಅಲ್ಲಿ ಗೀಚುತ್ತಿದೆ. ಅದನ್ನು ಹಿಡಿಯಲೆಂದೇ ಪ್ರೊಸೆಸರ್‌ನೊಳಗೆ ನಾಲ್ಕು ಕಾವಲು ಸ್ಥಾನಗಳಿವೆ, ನಾವು ವಾಚ್‌ಪಾಯಿಂಟ್ ಎನ್ನುತ್ತೇವೆ. ಮೆಮೊರಿಯ ಇಂಥ ವಿಳಾಸವನ್ನು ಕಾಯಬೇಕು ಎಂದು ಹೇಳಿಬಿಟ್ಟರೆ ಸಾಕು. ಅಲ್ಲಿ ಯಾರು ಬರೆದರೂ ಕಂಪ್ಯೂಟರಿನ ಎಲ್ಲ ಪ್ರೋಗ್ರಾಂಗಳಿಗೂ ಯಜಮಾನ ಪ್ರೋಗ್ರಾಂ ಆದ ಕರ್ನಲ್‌ಗೆ ಆ ಕ್ಷಣವೇ ದೂರು ಮುಟ್ಟುತ್ತದೆ: ಬರೆದವನು ಇಂಥವನು, ಇಂಥ ಸಾಲಿನಿಂದ ಬಂದ. ನಿದ್ದೆ ಮಾಡದ, ಊಹೆ ಮಾಡದ, ದಾಕ್ಷಿಣ್ಯಕ್ಕೆ ಬೀಳದ ಸಾಕ್ಷಿ ಜಗತ್ತಿನಲ್ಲಿ ಇದೊಂದೇ.

ಇದನ್ನೆಲ್ಲ ಆ ಹೆಂಗಸಿಗೂ ವಿವರಿಸಿದೆ.

"ಒಂದು ಚುಕ್ಕೆ ಕಾಯೋಕೆ ನಾಲ್ಕು ಕಾವಲಾ?" ಎಂದಳು. "ಏನಯ್ಯಾ ಮಿಲ್ವಾಕಿ, ಇಡೀ ಸೇತುವೆನ ನಾನೊಬ್ಳೇ ಕಾಯ್ತೀನಿ."

ನನಗೆ ಹೆಸರಿದೆ, ಆರ್ಡನ್ ಕೋಲ್ಬ್ ಎಂದೆ. "ಇರ್ಲಿ ಬಿಡು ಮಿಲ್ವಾಕಿ," ಎಂದಳು.

ಸೆಪ್ಟೆಂಬರ್ 27

ಏಳಲಿಲ್ಲ.

ಸೆಪ್ಟೆಂಬರ್ 30

ಹಡಗುಗಳಿಗಷ್ಟೇ ಎದ್ದಿತು, ತಾನಾಗಿ ಏಳಲಿಲ್ಲ. ಪ್ರೆಸ್ಟನ್ ಫೋನ್ ಮಾಡಿದ. "ಏಳ್ತಿಲ್ಲ ಅಂದ್ರೆ ಸರಿಹೋಗಿದೆ ಅಂತ ಬರ್ಕೊಟ್ಟು ಬಂದ್ಬಿಡಪ್ಪ," ಎಂದ. ಸಾಕ್ಷಿಯಿಲ್ಲದೆ ನಾನು ಏನನ್ನೂ ಬರೆದುಕೊಡುವವನಲ್ಲ. ಆ ಹೆಂಗಸು ಹೊಗೆಯಾಡಿಸಿದ ಮೀನು ತಿನ್ನುತ್ತ ರೇಡಿಯೋದಲ್ಲಿ ಹಾಕಿ ಪಂದ್ಯದ ಕಾಮೆಂಟರಿ ಕೇಳುತ್ತಾಳೆ. ಗೋಲು ಬಿದ್ದಾಗಲೆಲ್ಲ ನನ್ನ ಬೆನ್ನಿಗೆ ಗುದ್ದುತ್ತಾಳೆ.

ಅಕ್ಟೋಬರ್ 4, ಶುಕ್ರವಾರ

ಎದ್ದಿತು! ನಾನು ಅಲ್ಲಿರಲಿಲ್ಲ.

ಶಾಲೆಯ ಫುಟ್‌ಬಾಲ್ ತಂಡದ ಮೆರವಣಿಗೆ ಸೇತುವೆ ದಾಟುತ್ತಿತ್ತು. ಹೇಗೂ ಕಾವಲು ಕೂರಿಸಿದೆ, ಕಾವಲಿಗೆ ನಾನೇಕೆ ಎಂದು ಬೇಕರಿಗೆ ಪ್ಯಾಸ್ಟಿ ತಿನ್ನಲು ಹೋಗಿದ್ದೆ. ಮಾಂಸ, ಆಲೂಗಡ್ಡೆ ತುಂಬಿದ ಆ ಕಡುಬನ್ನು ಬಾಯಿಗಿಡುವಷ್ಟರಲ್ಲಿ ಗಂಟೆ ಕೇಳಿಸಿತು. ಓಡಿದೆ. ಮಕ್ಕಳು ಗಂಟೆ ಕೇಳಿ ಎರಡೂ ದಡಕ್ಕೆ ಚದುರಿದ್ದರು. ತುತ್ತೂರಿಗಳು ಈಚೆ, ಡ್ರಮ್‌ಗಳು ಆಚೆ. ಬಾರಿಸುವುದನ್ನು ಮಾತ್ರ ಯಾರೂ ನಿಲ್ಲಿಸಿರಲಿಲ್ಲ. ನಡುವೆ ಸೇತುವೆ ಆಕಾಶದಲ್ಲಿ. ಮೇಳ ಒಂದು, ತಾಳ ಇನ್ನೊಂದು. ಜನ ಎರಡೂ ಕಡೆ ನಿಂತು ಚಪ್ಪಾಳೆ ತಟ್ಟಿದರು.

ಮೆಟ್ಟಿಲು ಹತ್ತಿ ಕಾವಲಿನ ದಾಖಲೆ ತೆರೆದೆ. ಆ ಹೊತ್ತಿನದು ಒಂದೇ ಒಂದು ಸಾಲು: ಸೇತುವೆಯ ಪ್ರೋಗ್ರಾಂ ಸೊನ್ನೆ ಮಾಡಿತು. ಅಳಿಸಿದವರಿದ್ದಾರೆ, ಬರೆದವರಿಲ್ಲ. ಹಿಡಿಕೆಯಿಂದ ಎತ್ತಿದರೂ ಕೊನೆಗೆ ಹೀಗೆಯೇ ಅಳಿಸುತ್ತದೆ. ಅಂದರೆ?

"ಹಿಡಿಕೆ ಮುಟ್ಟಿದಿರಾ?" ಎಂದು ಕೇಳಿದೆ.

"ನಾನ್ಯಾಕೆ ಮುಟ್ಲಯ್ಯಾ? ನನ್ನ ಮೊಮ್ಮಗಳು ಆ ಡ್ರಮ್ ಬಡೀತಿದ್ಲು."

ಅದು ಉತ್ತರವಲ್ಲ.

ಅಕ್ಟೋಬರ್ 8

ಊರಿನ ಕೌನ್ಸಿಲ್ ಸಭೆ. ನನ್ನ ವರದಿ ಓದಿದೆ. ಕಂಪ್ಯೂಟರಿನ ಯಾವ ಪ್ರೋಗ್ರಾಮೂ ಸೇತುವೆಗೆ ಏಳೆಂದು ಹೇಳಿಲ್ಲ.

"ಅಂದ್ರೆ ಕಂಪ್ಯೂಟರ್ ಎತ್ತಿಲ್ಲ?" ಎಂದರು ಮೇಯರ್.

"ಎತ್ತಿಲ್ಲ."

"ಮತ್ಯಾರು ಎತ್ತಿದ್ದು?"

"ಕಂಪ್ಯೂಟರ್ ಬಿಟ್ಟರೆ ಎತ್ತಲು ಇರುವುದು ಹಿಡಿಕೆಯೊಂದೇ," ಎಂದೆ. ಅಷ್ಟೇ ಹೇಳಿದ್ದು. ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಸಭೆ ಇಡೀ ಹಿಂದಿನ ಸಾಲಿಗೆ ತಿರುಗಿತು. ಅಲ್ಲಿ ಮ್ಯಾಕೆಲಾ ಕೋಟು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಊರಿನ ವಕೀಲರು ಮೊದಲೇ ವಿಮೆಯವರೊಂದಿಗೆ ಮಾತಾಡಿದ್ದರಂತೆ. ತಪ್ಪಿತಸ್ಥರು ಸಿಕ್ಕರೆ ಒಳ್ಳೆಯದು ಎಂದಿದ್ದರಂತೆ. ಸದಸ್ಯರು ಕೈ ಎತ್ತಿದರು, ಅವಳನ್ನು ಅಮಾನತು ಮಾಡಿದರು. ಪ್ಯಾಸ್ಟಿ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಹೊರಗೆ ಮ್ಯಾಕೆಲಾ ಕ್ಯಾಬಿನ್ನಿನ ಬೀಗದ ಕೈ ನನ್ನ ಅಂಗೈಯಲ್ಲಿಟ್ಟಳು. "ಉತ್ತರದ ಕಡೆ ಗಾಜು ಬೇಗ ಮಂಜು ಹಿಡಿಯುತ್ತೆ," ಎಂದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಬದಲಿ ಜನ ಸಿಗುವವರೆಗೆ ಸೇತುವೆ ನೋಡಿಕೊಳ್ಳಬೇಕೆಂದು ಮೇಯರ್ ಕೇಳಿಕೊಂಡರು. ಕಂಪನಿಯ ತಪ್ಪಲ್ಲವೆಂದು ತಿಳಿದ ಖುಷಿಯಲ್ಲಿ ಪ್ರೆಸ್ಟನ್ ಒಪ್ಪಿಬಿಟ್ಟ. ಎರಡೇ ಗುಂಡಿ ಎಂದ.

ಅಕ್ಟೋಬರ್ 10

ನನ್ನ ಪಾಲಿನ ಮೊದಲ ಹಡಗು. ಕಣ್ಣನ್ನು ಪರದೆಯ ಮೇಲೆ ನೆಟ್ಟು ಗುಂಡಿ ಒತ್ತಿದೆ. ಕಾವಲು ತಕ್ಷಣ ಕೂಗಿತು: ಗುಂಡಿಯ ಪ್ರೋಗ್ರಾಂ ಬರೆಯಿತು. ಎಷ್ಟು ಅಚ್ಚುಕಟ್ಟು! ಅಂದರೆ ಕಾವಲು ಸರಿಯಾಗಿಯೇ ಇದೆ, ನನ್ನ ವರದಿಯೂ ಸರಿಯಾಗಿಯೇ ಇದೆ.

ಕ್ಯಾಪ್ಟನ್ ರೇಡಿಯೋದಲ್ಲಿ ಕೇಳಿದ, "ಐಲಿ ಎಲ್ಲಿ?" ಮಧ್ಯಾಹ್ನ ಬಂದವನೂ ಅದನ್ನೇ ಕೇಳಿದ. ರಜೆ ಎಂದೆ. "ಐಲಿಗೆ ರಜೆನಾ? ಸತ್ರಾ?" ಎಂದ.

ಉತ್ತರದ ಗಾಜು ನಿಜಕ್ಕೂ ಬೇಗ ಮಂಜು ಹಿಡಿಯುತ್ತದೆ. ಐಲಿ ಬಟ್ಟೆ ಎಲ್ಲಿಟ್ಟಿದ್ದಾರೋ ಹುಡುಕಿ ಒರೆಸಿದೆ. ಹಾಗೇ ಬಾಗಿಲು, ಮೇಜು, ಹಿಡಿಕೆಯ ಮುಚ್ಚಳ, ಹಿಡಿಕೆ ಎಲ್ಲವನ್ನೂ ಒರೆಸಿದೆ. ಅವರ ಕಾಫಿ ಲೋಟ ಇಲ್ಲೇ ಉಳಿದಿದೆ. ಅದನ್ನು ಮುಟ್ಟಲಿಲ್ಲ.

ಅಕ್ಟೋಬರ್ 12, ಶನಿವಾರ

ಅರ್ಧ ಊರು ಸೇತುವೆಯ ಮೇಲೆ ಬಂದು ನಿಂತಿತು. ಐಲಿಯನ್ನು ವಾಪಸು ಕರೆಸಿ ಎಂದು ಪ್ರತಿಭಟನೆ. ಬೇಟೆಗೆ ತೊಡುವ ಕಿತ್ತಳೆ ಕೋಟುಗಳು, ಬಣ್ಣಬಣ್ಣದ ಫಲಕಗಳು, ಯಾರದೋ ಹುಟ್ಟುಹಬ್ಬದಲ್ಲಿ ಉಳಿದ ಬಲೂನುಗಳು. ಮುಂದೆ ಐಲಿ. ಎರಡೂ ಕೈ ಮೇಲೆತ್ತಿ ನಿಂತಿದ್ದರು. ಪಕ್ಕದಲ್ಲಿ ಮೊಮ್ಮಗಳು ಹಿಡಿದ ಫಲಕ: ಅಜ್ಜಿಯ ಕೈ ಇಲ್ಲಿವೆ.

ಕ್ಯಾಬಿನ್ನಿನಲ್ಲಿ ನಾನೊಬ್ಬನೇ. ಎಲ್ಲರೂ ನನ್ನನ್ನೇ ನೋಡುತ್ತಿದ್ದರಿಂದ ಏನು ಮಾಡಬೇಕೆಂದು ತೋಚದೆ ನಾನೂ ಎರಡೂ ಕೈ ಮೇಲೆತ್ತಿ ಗಾಜಿನ ಮುಂದೆ ನಿಂತೆ. ಕೆಳಗೆ ಅವರು, ಮೇಲೆ ನಾನು, ಪರಸ್ಪರ ಶರಣಾದವರ ಹಾಗೆ.

ಗಂಟೆ ಬಾರಿಸಿತು.

ಹಿಡಿಕೆ ಮುಚ್ಚಳದೊಳಗೇ ಇತ್ತು. ಅದನ್ನೇ ದಿಟ್ಟಿಸಿದೆ. ಅಲುಗಲಿಲ್ಲ. ಗುಂಡಿಗಳೂ ಅಲುಗಲಿಲ್ಲ. ಜನ ಕಿರುಚುತ್ತ ದಡಕ್ಕೆ ಓಡಿದರು, ಕಾಲಡಿಯಲ್ಲಿ ಮೋಟಾರು ಗುಡುಗಿತು. ಪರದೆಗೆ ತಿರುಗಿದೆ: ಬರೆದವರು ಯಾರೂ ಇಲ್ಲ.

ಮೇಯರ್ ಏದುಸಿರು ಬಿಡುತ್ತ ಹತ್ತಿ ಬಂದರು.

"ಸಾರ್, ಪ್ರೋಗ್ರಾಂ ಎತ್ತಿದ್ದಾ?"

"ಇಲ್ಲ."

"ಐಲಿ ಕೆಳಗಿದ್ರು. ಇಲ್ಲಿ ಇದ್ದೋರು ಯಾರು?"

"ನಾನು."

"ಹಂಗಾದ್ರೆ ನಿಮ್ಮ ವರದಿ ಪ್ರಕಾರ…"

ನನ್ನ ವರದಿಯನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡೆ. ಎಲ್ಲೂ ಬಿರುಕಿರಲಿಲ್ಲ. "ನನ್ನ ವರದಿ ಪ್ರಕಾರ ನಾನೇ ಎತ್ತಿದೆ," ಎಂದೆ.

ಪೊಲೀಸಿನವನು ಬಂದು ಹಿಡಿಕೆಯ ಮೇಲೆ ಪುಡಿ ಹಾಕಿ ಬೆರಳಚ್ಚು ಹುಡುಕಿದ. ಒಂದೂ ಸಿಗಲಿಲ್ಲ. "ಒರೆಸಿದೀರಿ," ಎಂದ. ಒರೆಸಿದ್ದೆ, ನಿಜ. ಊರು ಬಿಟ್ಟು ಹೋಗಬೇಡಿ ಎಂದ. ಮಿಲ್ವಾಕಿಯವನು ಎರಡೂ ಕೈ ಮೇಲೆತ್ತಿಕೊಂಡೇ ಸೇತುವೆ ಎತ್ತಿದ ಎಂದು ಬೇಕರಿಯಲ್ಲಿ ಆಗಲೇ ಮಾತು. ಹಿಡಿಕೆಯನ್ನು ಹಲ್ಲಿನಲ್ಲಿ ಎಳೆದನಂತೆ.

ಅಕ್ಟೋಬರ್ 13

ಡೋರೀನ್ ಅಕ್ಕ ಟೂಸಾನ್‌ನಿಂದ ಫೋನ್ ಮಾಡಿದಳು. ಕ್ರಿಸ್‌ಮಸ್ ಬಿಟ್ಟು ನಾವು ಮಾತಾಡುವವರಲ್ಲ.

"ಏನೋ ಆರ್ಡನ್, ಕೈ ಎತ್ಕೊಂಡು ನಿಂತಿದ್ಯಲ್ಲೋ! ಎಷ್ಟು ದಪ್ಪ ಆಗಿದೀಯೋ!"

"ನೀನೆಲ್ಲಿ ನೋಡ್ದೆ?"

"ಸೇತುವೆ ಕ್ಯಾಮೆರಾ ಕಣೋ. ಇಂಟರ್‌ನೆಟ್‌ನಲ್ಲಿ ದಿನವಿಡೀ ಬರುತ್ತಲ್ಲ. ಹಡಗು ನೋಡೋಕೆ ಅಂತ ಹಾಕ್ಕೊಂಡೆ, ಈಗ ನಮ್ಮ ಬೀದಿ ಮುದುಕ್ರೆಲ್ಲಾ ನಮ್ಮನೇಲೇ ಠಿಕಾಣಿ. ಸೇತುವೆ ಏಳೋದನ್ನ ಮಾತ್ರ ಸರಿಯಾಗಿ ತೋರಿಸಲ್ಲ, ದರಿದ್ರದ್ದು. ಗಂಟೆ ಹೊಡೆಯೋಕೆ ಮುಂಚೆ ಚಿತ್ರ ಕಲ್ಲಾಗಿ ನಿಂತ್ಬಿಡುತ್ತೆ."

"ಹಡಗು ಬಂದಾಗಲೂ?"

"ಇಲ್ವೋ, ಆಗ ಚೆನ್ನಾಗೇ ಬರುತ್ತೆ. ಜನ, ಬಾವುಟ, ಗಲಾಟೆ ಜಾಸ್ತಿ ಆದಾಗ್ಲೇ ನಿಲ್ಲೋದು."

ಫೋನ್ ಇಟ್ಟುಬಿಟ್ಟೆ. ಐದು ನಿಮಿಷ ಬಿಟ್ಟು ಮತ್ತೆ ನಾನೇ ಮಾಡಿ, ಇಡುತ್ತೇನೆ ಅಕ್ಕ ಎಂದು ಹೇಳಿ ಇಟ್ಟೆ. ಅವಳಿಗೆ ಗಾಬರಿಯಾಯಿತು.

ಅಕ್ಟೋಬರ್ 14

ಪೆಟ್ಟಿಗೆ ಬಿಚ್ಚಿದೆ. ನಮ್ಮ ಕಂಪನಿಯ ನಕ್ಷೆಯಲ್ಲಿ ಖಾಲಿ ಎಂದು ತೋರಿಸಿದ ಜಾಗದಲ್ಲಿ ಕ್ಯಾಮೆರಾದ ಚಿತ್ರ ತರುವ ಒಂದು ಸರ್ಕ್ಯೂಟ್ ಕಾರ್ಡು ಹಾಯಾಗಿ ಕುಳಿತಿತ್ತು. ಮೇಯರ್ ಅವರ ಸೋದರಳಿಯ ಪ್ರವಾಸಿಗರಿಗೋಸ್ಕರ ಜೂನ್‌ನಲ್ಲಿ ಸಿಕ್ಕಿಸಿದ್ದು. ಯಾರಿಗೂ ಹೇಳಲಿಲ್ಲವೇಕೆ ಎಂದರೆ, "ಜಾಗ ಖಾಲಿ ಇತ್ತಲ್ಲ ಸಾರ್," ಎಂದ.

ನನ್ನ ನಾಲ್ಕು ಕಾವಲುಗಳೂ ಕಾಯುವುದು ಪ್ರೊಸೆಸರ್‌ನ ಕೈಯನ್ನು ಮಾತ್ರ. ಈ ಕಾರ್ಡು ಪ್ರೊಸೆಸರನ್ನು ಕೇಳುವುದೇ ಇಲ್ಲ; ಚಿತ್ರವನ್ನು ತಾನೇ ಹೊತ್ತು ತಂದು ಮೆಮೊರಿಗೆ ಸುರಿಯುತ್ತದೆ. ಬೂದು ನೀರು, ಬೂದು ಕಬ್ಬಿಣ, ಕರಿ ಕೋಟಿನ ಶವಯಾತ್ರೆ ಇದ್ದರೆ ಚಿತ್ರ ಚಿಕ್ಕದು, ತನ್ನ ಜಾಗದಲ್ಲಿ ಹಿಡಿಯುತ್ತದೆ. ಬಲೂನು, ಬಾವುಟ, ತುತ್ತೂರಿ ಬಂದರೆ ಚಿತ್ರ ಉಬ್ಬುತ್ತದೆ, ತುಂಬಿ ಚೆಲ್ಲುತ್ತದೆ, ಅಕ್ಕ ಕಂಡ ಹಾಗೆ ಕಲ್ಲಾಗಿ ನಿಲ್ಲುತ್ತದೆ. ಪಕ್ಕದ ಜಾಗ ಯಾವುದು? ನಮ್ಮ ಸೊನ್ನೆಯದು. ಯಾರದೋ ಬಲೂನಿನ ಚೂರು ಅದರ ಮೇಲೆ ಬೀಳುತ್ತಿತ್ತು.

ಇದು ಮೊದಲ ವರ್ಷದ ಪಾಠ. ನಾನೇ ಹೊಸಬರಿಗೆ ಹೇಳಿಕೊಟ್ಟಿದ್ದೇನೆ. ನಕ್ಷೆಯನ್ನು ನಂಬಿ ಪೆಟ್ಟಿಗೆಯ ಮುಚ್ಚಳ ತೆಗೆಯಲಿಲ್ಲ, ಅಷ್ಟೇ.

ಪ್ರೆಸ್ಟನ್‌ಗೆ ಫೋನ್ ಮಾಡುವ ಮೊದಲು ಆಚೆ ದಡಕ್ಕೆ ನಡೆದೆ. ಐಲಿ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದರು.

"ಯಾಕೆ ಬಂದೆ ಮಿಲ್ವಾಕಿ? ಇನ್ನೂ ಯಾವ ಬೀಗದ ಕೈ ಬೇಕು?"

ಎಲ್ಲವನ್ನೂ ಹೇಳಿದೆ. ಅವರು ಕೊಡಲಿ ಊರಿಕೊಂಡು ಕೇಳಿದರು.

"ನಾನು ಎತ್ತಿಲ್ಲ ಅಂತ ನಂಗೆ ಮೊದ್ಲಿಂದ್ಲೂ ಗೊತ್ತಿತ್ತು ಕಣಯ್ಯಾ. ಅದನ್ನ ನಂಗೆ ಹೇಳೋಕೆ ಬಂದ್ಯಾ?"

"ಹೌದು," ಎಂದೆ.

"ಮೊನ್ನೆ ಸಭೇಲಿ ಇಷ್ಟು ಮಾತಿರಲಿಲ್ಲ ನಿನ್ನ ಹತ್ರ."

ಅವರು ಕೊಡಲಿಯನ್ನು ನನ್ನತ್ತ ಚಾಚಿ ಒಳಗೆ ಹೋದರು. ಕತ್ತಲಾಗುವವರೆಗೆ ಒಡೆದೆ. ಅಂಗೈಯಲ್ಲಿ ಬೊಬ್ಬೆ ಬಂದಿದೆ, ಟೈಪ್ ಮಾಡಲು ಆಗುತ್ತಿಲ್ಲ. ನನ್ನಿಂದ ಸೌದೆ ಒಡೆಸಿದ್ದೇಕೋ ತಿಳಿಯಲಿಲ್ಲ.

ಅಕ್ಟೋಬರ್ 17

ಪರೀಕ್ಷೆ. ಇಡೀ ಊರನ್ನು ಕರೆದಿದ್ದೆ. ಮೊದಲು ಎಲ್ಲರೂ ಕರಿ ಕೋಟು ಹಾಕಿಕೊಂಡು ಸೇತುವೆಯ ಮೇಲೆ ನಿಂತರು. ಏಳಲಿಲ್ಲ. ಪಾದ್ರಿಗೆ ಬಹಳ ಸಮಾಧಾನವಾಯಿತು.

ಆಮೇಲೆ ಕೋಟು ಕಳಚಿದರು. ಒಳಗೆ ಹೂವಿನ ಅಂಗಿ, ಪಟ್ಟೆ ಪೈಜಾಮ, ಎಪ್ಪತ್ತು ದಾಟಿದ ಒಬ್ಬಾಕೆಯ ಮೈಮೇಲೆ ಆ ಚಳಿಯಲ್ಲಿ ಚುಕ್ಕೆಚುಕ್ಕೆಯ ಈಜುಡುಗೆ. ಮೇಯರ್ ಕ್ರಿಸ್‌ಮಸ್ ಮರದ ದೀಪದ ಸರವನ್ನು ಹೊಟ್ಟೆಗೆ ಸುತ್ತಿಕೊಂಡಿದ್ದರು. ಎಲ್ಲರೂ ಕುಣಿದರು. ಗಂಟೆ ಬಾರಿಸಿತು. ಅಂಥ ಹರ್ಷೋದ್ಗಾರವನ್ನು ನಾನು ಕೇಳಿಯೇ ಇರಲಿಲ್ಲ.

ಇಳಿದ ಮೇಲೆ ಕಾರ್ಡು ಕಿತ್ತೆ. "ಕುಣೀರಿ!" ಎಂದು ಕೂಗಿದೆ. ಕುಣಿದರು. ಸೇತುವೆ ಮಲಗಿಯೇ ಇತ್ತು. ಇನ್ನೂ ಜೋರಾಗಿ ಕುಣಿದರು. ಇಲ್ಲ. ರುಜುವಾತಾಯಿತು, ಆದರೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಈಜುಡುಗೆಯಾಕೆ ಅತ್ತೇಬಿಟ್ಟಳು.

ಅಕ್ಟೋಬರ್ 19

ಕಾರ್ಡನ್ನು ಮತ್ತೆ ಕೂರಿಸಿದೆ. ಅದರ ಜಾಗದ ಸುತ್ತ ಕರ್ನಲ್‌ನಿಂದ ಬೇಲಿ ಹಾಕಿಸಿದೆ. ಇನ್ನು ಚಿತ್ರ ಎಷ್ಟೇ ಉಬ್ಬಲಿ, ಬೇಲಿಯಾಚೆ ಒಂದು ಹನಿಯೂ ಚೆಲ್ಲುವಂತಿಲ್ಲ. ಕ್ಯಾಮೆರಾವೂ ಉಳಿಯಿತು, ಸೇತುವೆಯೂ ಉಳಿಯಿತು.

ಮೇಯರ್ ಸುತ್ತಿ ಬಳಸಿ ಮಾತಿಗೆ ಬಂದರು. "ಸಾರ್, ಮೋಟೆಲ್ ತುಂಬಿದೆ. ಚಿಕಾಗೋದಿಂದೆಲ್ಲ ಬಲೂನ್ ಹಿಡ್ಕೊಂಡು ಬಂದಿದಾರೆ. ಈ ಬೇಲಿನ ಶನಿವಾರ ಮಾತ್ರ ತೆಗೆಯೋಕಾಗುತ್ತಾ?"

"ಎದೆನೋವು ಶನಿವಾರ ಬರಲ್ವಾ?" ಎಂದೆ. ದನಿ ನನ್ನದೇ ಎಂದು ನಂಬಲಾಗಲಿಲ್ಲ. ಅವರು ಮೊನ್ನೆ ಬಿಟ್ಟುಹೋಗಿದ್ದ ದೀಪದ ಸರ ಸುತ್ತಿಕೊಂಡು ಹೋದರು.

ಪ್ರೆಸ್ಟನ್ ಸೋಮವಾರ ಬಾ ಎಂದಿದ್ದಾನೆ. ಗುರುವಾರ ಸಭೆ ಇದೆ ಎಂದೆ. "ಯಾರ ಸಭೆ?" ಎಂದ. ನಮ್ಮದು ಎಂದೆ.

ಅಕ್ಟೋಬರ್ 24, ಗುರುವಾರ

ಐಲಿಯ ಅಮಾನತು ರದ್ದು ಮಾಡಲು ಎಲ್ಲರೂ ಸಿದ್ಧರಿದ್ದರು. ವಕೀಲರು ಮಾತ್ರ ಎದ್ದು ನಿಂತರು. ವಿಮೆಯವರಿಗೆ ಒಬ್ಬ ತಪ್ಪಿತಸ್ಥರನ್ನು ಆಗಲೇ ತೋರಿಸಿಯಾಗಿದೆ. ಈಗ ಆ ಸ್ಥಾನವನ್ನು ಖಾಲಿ ಬಿಡುವಂತಿಲ್ಲ. ಐಲಿ ಹೊರಬರಬೇಕಾದರೆ ಇನ್ನೊಬ್ಬರು ಒಳಗೆ ಹೋಗಬೇಕು.

"ಕ್ಯಾಮೆರಾನ ಅಮಾನತು ಮಾಡಿ," ಎಂದರು ಯಾರೋ.

"ಕ್ಯಾಮೆರಾ ನಮ್ಮ ನೌಕರ ಅಲ್ಲ."

"ಮೇಯರ್ ಸೋದರಳಿಯನ್ನ ಮಾಡಿ."

"ಅವ್ನೂ ಅಲ್ಲ. ಪುಕ್ಕಟೆ ಮಾಡಿದ್ದು."

ಒಂದು ಗಂಟೆ ಇದೇ ನಡೆಯಿತು. ಐಲಿ ಮತ್ತೆ ಅದೇ ಹಿಂದಿನ ಸಾಲಿನಲ್ಲಿ, ಕೋಟು ಮಡಿಲಲ್ಲಿ. ನಾನು ಎದ್ದು ನಿಂತದ್ದು ಯಾವಾಗಲೋ ಗೊತ್ತಿಲ್ಲ.

"ನನ್ನ ಹೆಸರು ಬರ್ಕೊಳ್ಳಿ," ಎಂದೆ. "ಹನ್ನೆರಡನೇ ತಾರೀಕು ಕ್ಯಾಬಿನ್ನಿನಲ್ಲಿದ್ದವನು ನಾನು. ಎತ್ತಿದ್ದು ಐಲಿಯವರ ಕೈ ಎಂದು ನೀವು ತಿಳಿದದ್ದು ನನ್ನ ವರದಿಯಿಂದ. ಆ ವರದಿ ತಪ್ಪು."

ವಕೀಲರು ಯೋಚಿಸಿದರು. "ಆದ್ರೆ ನೀವೂ ನೌಕರರಲ್ಲ. ಅಮಾನತು ಮಾಡ್ಬೇಕಾದ್ರೆ ಮೊದ್ಲು ನೇಮಕ ಮಾಡ್ಬೇಕಾಗುತ್ತೆ."

ಮಾಡಿದರು. ಸರ್ವಾನುಮತದಿಂದ ನಾನು ಸೇತುವೆಯ ಸಹಾಯಕ ಕಾವಲುಗಾರನಾದೆ. ಎಲ್ಲರೂ ಕೈ ಕುಲುಕಿದರು. ಕುಳಿತುಕೊಳ್ಳುವಷ್ಟರಲ್ಲಿ ಸರ್ವಾನುಮತದಿಂದಲೇ ಅಮಾನತಾದೆ. ಮತ್ತೆ ಕೈ ಕುಲುಕಿದರು.

ಹಿಂದಿನ ಸಾಲಿನಿಂದ ಐಲಿ ಕೇಳಿದರು, "ಅವ್ನಿಗೆ ಸಂಬಳ ಉಂಟಾ?"

"ವಿಚಾರಣೆ ಮುಗಿಯೋವರೆಗೂ ಅರ್ಧ ಸಂಬಳ," ಎಂದರು ವಕೀಲರು.

"ವಿಚಾರಣೆ ಯಾವಾಗ?"

"ಅವ್ರು ಎತ್ತಿಲ್ಲ ಅಂತ ಎಲ್ರಿಗೂ ಗೊತ್ತಲ್ಲಮ್ಮಾ. ಏನಂತ ವಿಚಾರಿಸೋದು?"

ಅಕ್ಟೋಬರ್ 26

ಬೆಳಿಗ್ಗೆ ಮೊದಲ ಹಿಮ. ಚಿತ್ರ ಖಂಡಿತ ಉಬ್ಬಿರುತ್ತದೆ. ಸೇತುವೆ ಕದಲಲಿಲ್ಲ.

ಬೀಗದ ಕೈ ಹಿಂದಿರುಗಿಸಲು ಮೆಟ್ಟಿಲು ಹತ್ತಿದೆ. ಐಲಿ ಬಾಗಿಲಲ್ಲೇ ತಡೆದರು.

"ಅಮಾನತಾದೋರು ಒಳಗೆ ಬರೋ ಹಾಗಿಲ್ಲ. ಬೋರ್ಡ್ ನೋಡು."

"ಬೀಗದ ಕೈ ಕೊಟ್ಟು ಹೋಗ್ತೀನಿ."

"ಕೊಡು. ಹೋಗೋ ಅವಸರ ಇದ್ರೆ ಹೋಗು. ಮೆಟ್ಟಿಲು ಹೊರಗಡೇದು, ಅಲ್ಲಿ ಕೂರ್ಬೇಡ ಅಂತ ಬೋರ್ಡಲ್ಲಿ ಬರೆದಿಲ್ಲ."

ಕಬ್ಬಿಣದ ಮೆಟ್ಟಿಲಿನ ಮೇಲೆ ಕುಳಿತೆ. ಕಿಟಕಿ ಸರಿಯಿತು, ಕಾಫಿಯ ಲೋಟ ಹೊರಬಂತು, ಹಿಂದೆಯೇ ದಾಲ್ಚಿನ್ನಿ ಹಚ್ಚಿದ ಒಣ ರೊಟ್ಟಿ. ಪ್ರೆಸ್ಟನ್ ಎರಡು ಸಲ ಫೋನ್ ಮಾಡಿದ. ಆಮೇಲೆ ಮಾತಾಡಿದರಾಯಿತು.

ಹತ್ತರ ಸುಮಾರಿಗೆ ಅದಿರು ಹೊತ್ತ ಹಡಗೊಂದು ಬಂತು. ಗಂಟೆ ಬಾರಿಸಿತು. ಅಷ್ಟು ದೊಡ್ಡ ಕಬ್ಬಿಣ, ಮೈತುಂಬ ಹಿಮ ಹೊತ್ತು, ನನ್ನ ಕಣ್ಣ ಮುಂದೆಯೇ ಮೆಲ್ಲಗೆ ಎದ್ದಿತು. ಒಂದು ತಿಂಗಳಿಂದ ಇದೇ ಸೇತುವೆಯ ಮೇಲಿದ್ದೇನೆ. ಒಮ್ಮೆ ಪರದೆ ನೋಡುತ್ತಿದ್ದೆ, ಒಮ್ಮೆ ಹಿಡಿಕೆ, ಒಮ್ಮೆ ಜನರ ಕುಣಿತ, ಒಮ್ಮೆ ಓಡುತ್ತಿದ್ದೆ. ಅದು ಏಳುವುದನ್ನು ನೋಡಿರಲೇ ಇಲ್ಲ.

ಕಾಫಿ ಆರಿಹೋಯಿತು. ಐಲಿ ಒಳಗಿನಿಂದ ಬೈದರು. ಕಿಟಕಿಯಿಂದ ಇನ್ನೊಂದು ಲೋಟ ಬಂತು.